ಕೊಟ್ಟಿಗಿ ಬಾಗಿಲ ಮ್ಯಾಲೆ ಕೌದಿ

ಹಾಂ, ಕುಂತಿತು, ಮೊಣಕೈ ಈಗ ಹಲಗಿ ಮ್ಯಾಲೆ ಸರಿಯಾಗಿ ಕುಂತಿತು, ಹೆಗಲು ಕಿವಿಗೆ ಏರವಲ್ಲದು, ಬೆನ್ನೂ ಸುಮ್ಮನೈತಿ — ನಿನ್ನೆ ಇದ ಹಲಗಿ ನನ್ನ ಕೊರಳ ಮಟ ಬರ್ತಿತ್ತು, ಬಡಿಗ್ಯಾರ ಗೋಣೆಪ್ಪ ಕುಷ್ಟಗಿ ಕಚೇರಿ ಗುಮಾಸ್ತರ ಮೇಜಿನ ಅಳತಿ ಹಿಡದು ಕಾಲು ಮಾಡಿಬಿಟ್ಟಿದ್ದ, ಕುರ್ಚಿ ಮ್ಯಾಲೆ ಕುಂತು ಹೊಲಿಯಾಕ ಇದ ಸೈ ಅವ್ವಾ ಅಂದ, ನಮ್ಮ ಮನ್ಯಾಗ ಇರೋದೊಂದ ಕುರ್ಚಿ, ಅದರ ಮ್ಯಾಲೆ ಯಾವಾಗ್ಲೂ ಇವರ ರುಮಾಲು ಕುಂತಿರ್ತೈತಿ, ನಾನು ತಳಕಲ್ಲು ಊರಿನ ಮಗಳು, ಹುಟ್ಟಿದಾಗಿಂದ ನೆಲಕ್ಕ ಚಕ್ಕಳಮಕ್ಕಳ ಹಾಕಿದಾಕಿ, ಕೊಯ್ಯಪ್ಪ ಕಾಲು ಅಂದೆ, ಕೊಯ್ದ, ಇನ್ನೊಂದೀಟು, ಅದನ್ನೂ ಕೊಯ್ದ, ಶೇಖರಮ್ಮಾರ, ಹಿಂಗ ಕೊಯ್ಕೋತ ಹೋದ್ರ ರೊಟ್ಟಿ ಬಡಿಯೋ ಹಲಗಿ ಆಗ್ತೈತ್ರಿ ಅಂತ ನಕ್ಕ, ಆಗ್ಲಿ ಬಿಡು, ರೊಟ್ಟಿ ಬಡಿದ ಕೈನ ಅಲ್ಲೇನು ಇದು. ಹಲಗಿ ಅಂದ್ರ ಏನು ದೊಡ್ಡ ತೇಗಲ್ಲ, ಹಿತ್ತಲ ಕೊಟ್ಟಿಗಿ ಬಾಗಿಲ, ದನಕ್ಕ ಬಾಗಿಲ ಬ್ಯಾಡೇನು ಅಂತ ಇವರು ಬಾಯಿ ಮಾಡಿದ್ರು, ತಟ್ಟಿ ಕಟ್ರಿ, ಎಮ್ಮಿ ಏನು ಚಿಲಕ ಕೇಳ್ಯಾಳೇನು ಅಂದೆ — ಬಾಗಿಲ ಬಲಕ್ಕ ಚೌಕ ಕೊರದು ಹೊಲಿಯೋ ಮಷೀನು ಅದರಾಗ ಇಳಿಬಿಟ್ವಿ, ಈಗ ಮಷೀನಿನ ತಳ, ಹಲಗಿ, ಎರಡೂ ಒಂದ ಸಮ, ಅಂಗೈ ಸವರಿದ್ರ ಎಲ್ಲಿ ಕಟ್ಟಿಗಿ ಮುಗೀತು ಎಲ್ಲಿ ಕಬ್ಬಿಣ ಸುರುವಾತು ತಿಳಿಯಂಗಿಲ್ಲ, ಎಡಕ್ಕ ಉಳಿದ ಬಾಗಿಲಷ್ಟೂ ಕೌದಿಗೆ, ಎಡಗಡೆ ಜಾಗಾ ಬಿಡು, ಅರಿವಿ ಭಾರ ಜೋತುಬಿದ್ರ ಸೂಜಿ ಕಟ್ಟಂತ ಮುರೀತೈತಿ ಅಂತ ಬಾಜೂಮನಿ ರಜಿಯಾಬೇಗಂ ಹೇಳಿದ್ಲು, ಕುಪ್ಪಸ ಹೊಲಿಯಾಕ ಕಲಿಸಿದಾಕಿನೂ ಆಕಿನ. ಹಿಂದ ಗ್ವಾಡಿ, ಕೌದಿ ಆಕಡೆ ಜಾರಂಗಿಲ್ಲ, ಎಡಕ್ಕ ಕಿಟಕಿ, ಬೆಳಕು ಸೂಜಿ ತುದೀಗೇ ಬೀಳ್ತೈತಿ. ಇಷ್ಟು ಛಲೋ ಕುಂತು ನಾ ಯಾವ ಕೆಲಸಾನೂ ಮಾಡಿಲ್ಲ.

ಅತ್ತಿ ಮಾತ್ರ ಇತ್ಲಾಗ ಹಾಯ್ದಿಲ್ಲ, ಪಡಸಾಲ್ಯಾಗ ಕಂಬಕ್ಕ ಒರಗಿ ಕುಂತಾಳ, ಕುಂತ ಜಾಗದಿಂದನ ಸಪ್ಪಳ ಎಲ್ಲಾ ಕೇಳ್ತಾಳ — ಆಕಿ ಕೌದಿ, ಕುಷ್ಟಗಿ ಅನ್ನಮ್ಮನ ಕೌದಿ ಅಂದ್ರ ಯಲಬುರ್ಗಿ ಮಂದಿಯೂ ಹಳೇ ಸೀರಿ ಗಂಟು ಹೊತ್ತು ಬರ್ತಿದ್ರು, ಹೋದ ತಿಂಗಳು ಆಕಿ ಮಗಳು, ನನ್ನ ನಾದಿನಿ ವಿರೂಪಾಕ್ಷಿ ಬಸುರಿ ಅಂತ ಸುದ್ದಿ ಬಂದ ದಿನ ಅತ್ತಿ ಸೂಜಿ ಹಿಡದ್ಲು, ದಾರ ಪೋಣಿಸಾಕ ಹೋದ್ಲು, ಒಂದ ಸಲ ಅಲ್ಲ ಎಂಟ ಸಲ, ಬೆರಳಿಗೆ ಚುಚ್ಚಿಗೊಂಡ್ಲು, ನಾ ಪೋಣಿಸಿ ಕೊಡ್ತೀನತ್ತಿ ಅಂದ್ರ ಸೂಜಿ ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟಬಿಟ್ಲು, ಇನ್ನ ನಿಂದವ್ವ, ನನ್ನ ಕೆಲಸ ತೀರ್ತು ಅಂದ್ಲು. ಆವತ್ತಿಂದ ಉಂಡ್ಯಾ ಅಂದ್ರ ಉಂಡೆ, ಅಷ್ಟ. ಇವರು ಗದಗಿನಿಂದ ಮಷೀನು ತಂದ್ರಲ್ಲ, ಗಡಿ ದಾಟುವಾಗ ಸುಂಕದ ನಾಕಾದ ಸಿಪಾಯಿ ಗೋಣಿ ಬಿಚ್ಚಿ ಇದೇನು ಹಿಟ್ಟಿನ ಗಿರಣಿ ಏನ್ರಿ ಅಂದನಂತ, ಮನೀಮಂದಿ ಎಲ್ಲ ನಕ್ರ ಅತ್ತಿ ನಗಲಿಲ್ಲ, ಮಷೀನು ಕುಪ್ಪಸ ಹೊಲಿದೀತು, ಕೌದಿ ಹೊಲಿಯಂಗಿಲ್ಲ, ನನ್ನ ಮಗಳ ಕೂಸನ್ನ ಅದರ ಮ್ಯಾಲೆ ನಾ ಹಾಕಂಗಿಲ್ಲ ಅಂದ್ಲು. ನನಗ ಸಿಟ್ಟು ಬಂತು, ಖರೆ ಹೇಳ್ತೀನಿ, ಭಾಳ ಬಂತು, ಆಮ್ಯಾಲೆ ಆಕಿ ಖಾಲಿ ಬೆರಳು ಮಡಿಲಾಗ ಒಂದಕ್ಕೊಂದು ತಿಕ್ಕೋದು ನೋಡಿದೆ, ಸಿಟ್ಟು ಹೋತು. ಈ ಕೌದಿಗೆ ಅತ್ತಿ ಹೂಂ ಅನ್ನಬೇಕು. ಅನ್ನಲಿಲ್ಲಂದ್ರ ಮಷೀನು ಅಟ್ಟಕ್ಕೇರಿಸ್ತೀನಿ, ಕಂಬಕ್ಕ ಒರಗಿ ಕುಂತ ಅತ್ತಿನ ನೋಡ್ಕೋತ ನಾ ಒಬ್ಬಾಕೀನ ಹೊಲಿಯಾಕ ಆಗೂದಿಲ್ಲ.

ಹೊಲಿದೆ, ಅಂಚಿನಿಂದ, ಅತ್ತಿ ಕೈ ಹ್ಯಾಂಗ ಹೊಂಟಿತ್ತೋ ಹಂಗ, ಮೂಲಿ ಹಿಡದು ಸುತ್ತು, ಸುತ್ತಿನೊಳಗ ಸುತ್ತು, ನಟ್ಟನಡಕ್ಕ ಬಂದು ಮುಗೀಬೇಕು — ಬಲಗೈ ಹಿಡಿಕಿ ತಿರುವೋದು, ಎಡಗೈ ಒಂದ ಇಷ್ಟು ಭಾರ ದೂಡೋದು, ಒಳಗ ಪದರ ಪದರ ಇವರ ಧೋತರ, ನನ್ನ ಇಳಕಲ್ ಸೀರಿ, ವಿರೂಪಾಕ್ಷಿ ಸಣ್ಣಾಕಿದ್ದಾಗಿನ ಲಂಗ, ನಾಕ ಸುತ್ತಿಗೆ ನೋಡ್ತೀನಿ, ಅಯ್ಯ ಶಿವನ, ನಡಕ ಉಬ್ಬಿ ಕುಂತೈತಿ, ದಿನ ತುಂಬಿದ ಬಸುರಿ ಹೊಟ್ಟಿ ಹಂಗ, ಅತ್ಲಾಗ ಒತ್ತಿದ್ರ ಇತ್ಲಾಗ, ಇತ್ಲಾಗ ಒತ್ತಿದ್ರ ಅತ್ಲಾಗ, ಅಳು ಬರಬೇಕು, ಬಂದದ್ದು ನಗಿ, ನಿಲ್ಲವಲ್ಲದು, ಯಾಕ ನಗ್ತಿ ಅಂತ ಬಾಗಿಲದಾಗ ಅತ್ತಿ. ಕೌದಿ ಬಸುರಾಗೈತತ್ತಿ. ಅತ್ತಿ ಬಂದು ಅಂಗೈ ಇಟ್ಲು, ಉಬ್ಬಿನ ಮ್ಯಾಲೆ, ಸವರಿದ್ಲು, ಸವರಿದ್ಲು, ಮೂಗಿನಾಗ ನಕ್ಲು, ಹುಚ್ಚೀ, ನೆಲದ ಮ್ಯಾಲೆ ಕೌದಿ ಕುಂತಿರ್ತೈತಿ, ನಾ ಅದರ ಸುತ್ತ ಹರಿದಾಡ್ತೀನಿ, ಸುಕ್ಕೆಲ್ಲ ಮೊಣಕಾಲಾಗ ಒರಸ್ಕೋತ, ಇಲ್ಲಿ ನೀ ಕುಂತಿ, ಕೌದಿ ಓಡ್ತೈತಿ, ಒರಸಾಕ ಮೊಣಕಾಲು ಎಲ್ಲೈತಿ, ನಡಕಿಂದ ಸುರು ಮಾಡು, ಸುಕ್ಕನ್ನ ಹೊರಗ ಹೊಡಿ. ಇಬ್ರೂ ಕುಂತು ಬಿಚ್ಚಿದ್ವಿ, ನಾ ಒಂದ ಸಾಲು ಬಿಚ್ಚೋದ್ರಾಗ ಅತ್ತಿ ಮೂರು, ಆ ಬೆರಳಿಗೆ ಕಣ್ಣು ಬೇಕಾಗಿಲ್ಲ. ನಡಕ ಸೂಜಿ ಇಳಿಸಿದೆ, ಬಲಗೈ ಹಿಡಿಕಿಗೆ ಒಯ್ದೆ, ಅಲ್ಲಿ ಆಗಲೇ ಒಂದು ಕೈ ಇತ್ತು. ಎರಡೂ ಕೈ ಅರಿವಿ ಮ್ಯಾಲಿಡು ಅಂದ್ಲು. ಅತ್ತಿ, ಮೆಲ್ಲಕ ಅಂದೆ. ನನಗ ಹೇಳ್ತಿ ಏನ, ದಾರ ಬಿಗದ್ರ ಸಪ್ಪಳ ಬ್ಯಾರೆ ಬರ್ತೈತಿ, ಕೇಳಸಂಗಿಲ್ಲೇನು ನಿನಗ — ಇಲ್ಲ, ನನಗ ಕೇಳಸಂಗಿಲ್ಲ, ನಾ ನೋಡಾಕತ್ತೀನಿ, ಆಕಿ ಮಣಿಕಟ್ಟಿನ ಮ್ಯಾಲೆ ಹಸರು ಹಚ್ಚಿಬೊಟ್ಟಿನ ಚೇಳು, ಹಿಡಿಕಿ ತಿರುಗಿದಂಗ ಚೇಳು ಏರ್ತೈತಿ, ಇಳೀತೈತಿ, ನನ್ನ ಎರಡೂ ಕೈಯಾಗ ಕೌದಿ ಸಮಾ ಹರೀತೈತಿ, ಒಂದ ಸುಕ್ಕಿಲ್ಲ, ಪಡಸಾಲಿಂದ ಇವರು, ಅವ್ವಾ ಊಟಕ್ಕ ಏಳ್ರಿ, ಏರ್ತೈತಿ, ಇಳೀತೈತಿ, ಅತ್ತಿ ತಿರುಗಿ ಸೈತ ನೋಡಲಿಲ್ಲ, ತಡಿಯಪ್ಪ, ನಾ ಕೌದಿ ಹೊಲಿಯಾಕತ್ತೀನಿ — ನಾ, ಅಂದ್ಲು, ನಾ — ಚೇಳು ಏರ್ತೈತಿ, ಹಸರು, ಇಳೀತೈತಿ, ಏರ್ತೈತಿ, ಚೇಳು