ಆಕಾಶ ನೋಡದ ಸಾಹೇಬರು

ಸೈರನ್ ಕೂಗಿದೊಡನೆ ವಾಯುನೆಲೆಯಲ್ಲಿದ್ದವರೆಲ್ಲರ ಕತ್ತೂ ತಾನಾಗಿ ಮೇಲಕ್ಕೇಳುತ್ತಿತ್ತು. ನೆಲೆಯ ಮುಖ್ಯಸ್ಥರಾದ ಸಾಹೇಬರದೊಂದು ಮಾತ್ರ ಏಳುತ್ತಿರಲಿಲ್ಲ. ಎಡಗಾಲನ್ನು ತುಸು ಎಳೆಯುತ್ತ, ನೆಲದ ಮೇಲೆ ಏನನ್ನೋ ಕಳೆದುಕೊಂಡವರಂತೆ ತಲೆ ತಗ್ಗಿಸಿ, ಆಕಾಶದ ಗೊಡವೆಯೇ ಬೇಡವೆಂಬಂತೆ ತಮ್ಮ ಕೋಣೆಗೆ ನಡೆದುಬಿಡುತ್ತಿದ್ದರು. ಮೇಜಿನ ಮೇಲೆ ಹರಡಿದ ನಕ್ಷೆಯೇ ಅವರ ಆಕಾಶ. ವಿಮಾನಗಳಿಗೆ ಇಂಧನ ತುಂಬುವ ಲಾರಿಯ ಚಾಲಕ ನಾನು; ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ.

"ಮೇಲೆ ನೋಡಿದ್ರೆ ಸಿಟ್ಟು ಬರುತ್ತಪ್ಪ. ನಂಗೆ ಸಿಟ್ಟು ಬಂದ್ರೆ ಹುಡುಗ್ರು ಸಾಯ್ತಾರೆ" ಎಂದರು.

ಸಿಟ್ಟನ್ನೇ ಉಂಡು ಬೆಳೆದ ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಅವರು ಬರುವ ಮುಂಚೆ ನಾವು ನಡೆಸಿದ್ದು ಸಿಟ್ಟಿನ ಯುದ್ಧವೇ. ಶತ್ರುವಿನ ವಿಮಾನಗಳು ನಮ್ಮವುಗಳ ನಾಲ್ಕೈದು ಪಟ್ಟು. ಮೊದಲು ಕೆಲವು ಬಂದು ಕೆಣಕುತ್ತಿದ್ದವು. ನಮ್ಮವರು ಇದ್ದಬದ್ದವನ್ನೆಲ್ಲ ಹಾರಿಸಿ, ಟ್ಯಾಂಕು ಬರಿದು ಮಾಡಿಕೊಂಡು ಇಳಿದು, ನನ್ನ ಲಾರಿಯ ಮುಂದೆ ಸಾಲುಗಟ್ಟಿ ನಿಂತಾಗ ಅಸಲಿ ದಂಡು ಬರುತ್ತಿತ್ತು. ಹಾಗೊಂದು ಮಧ್ಯಾಹ್ನ ಅರ್ಧಕ್ಕರ್ಧ ವಿಮಾನಗಳು ನೆಲದ ಮೇಲೇ ಸುಟ್ಟುಹೋದ ಮೇಲೆ ಇವರನ್ನು ಕಳಿಸಿದರು. ಇವರೋ, ಕೆಣಕಲು ಬಂದವರನ್ನು ಕೆಣಕಲು ಬಿಟ್ಟು, ದಂಡು ತನ್ನ ನೆಲದಿಂದ ಬಹುದೂರ ಬಂದು ಹಿಂದಿರುಗುವಷ್ಟೇ ಇಂಧನ ಉಳಿದಿರುವ ಹೊತ್ತಿಗೆ, ನಮ್ಮ ಬೆರಳೆಣಿಕೆಯ ವಿಮಾನಗಳನ್ನು ತುಂಬಿದ ಟ್ಯಾಂಕಿನೊಡನೆ ಅದರ ಮೇಲೆ ಬಿಡುತ್ತಿದ್ದರು. ಪೈಲಟ್‌ಗಳು ಅವರಿಗೆ ಆಮೆ ಎಂದು ಹೆಸರಿಟ್ಟಿದ್ದರು. "ಆಮೆ ಕತ್ತು ಹೊರಗೆ ಹಾಕೋ ಹೊತ್ಗೆ ಯುದ್ಧಾನೇ ಮುಗ್ದಿರುತ್ತೆ ಬಿಡ್ರೋ!"

ಕಾಯುವಷ್ಟು ಹೊತ್ತೂ ಸಾಹೇಬರು ಹಳೆಯ ಕೋಟಿನ ಮೇಲಿನ ಗುಂಡಿಯನ್ನು ತಿರುವುತ್ತಿದ್ದರು. ದಾರ ಸಡಿಲಾದಾಗಲೆಲ್ಲ ನನ್ನ ಲಾರಿಯಲ್ಲೇ ಪಟ್ಟಣಕ್ಕೆ, ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದ ಅಕ್ಕನ ಮನೆಗೆ ಹೋಗಿ ಹೊಲಿಸಿಕೊಂಡು ಬರುವರು. "ಗುಂಡಿ ಕೀಳೋಕೇ ನಿಂಗೆ ಸಂಬಳ ಕೊಡ್ತಾರೇನೋ?" ಎಂದು ಆಕೆ ಹಲ್ಲಿನಲ್ಲಿ ದಾರ ಕಡಿಯುತ್ತ ಗದರುವಳು. ಈ ಸಾಹೇಬರು ನಕ್ಕಿದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಒಂದು ದಿನ ಕೆಣಕುವವರು ನಮ್ಮ ನೆಲೆಯನ್ನು ಬಿಟ್ಟು ಪಟ್ಟಣದ ಮೇಲೆ ಬಂದರು. ಸುದ್ದಿ ಕೇಳಿ ನಾನು ಸಾಹೇಬರ ಕೋಣೆಯ ಬಾಗಿಲು ತಳ್ಳಿಕೊಂಡು ಒಳನುಗ್ಗಿದೆ.

"ಸಾರ್, ಬಾಂಬ್ ಬೀಳ್ತಿರೋದು ನಿಮ್ಮಕ್ಕನ ಬೀದೀಲಿ!"

"ಗೊತ್ತು."

"ಗೊತ್ತಿದ್ದೂ ಕೂತಿದ್ದೀರಾ? ಮನುಷ್ಯರೇನ್ರೀ ನೀವು?"

"ಲಾರಿ ಮರದ ಕೆಳಗೆ ನಿಲ್ಲಿಸು. ದಂಡು ಇನ್ನೂ ಬಂದಿಲ್ಲ."

ಗುಂಡಿ ಕಿತ್ತು ಅವರ ಕೈಗೇ ಬಂದಿತ್ತು. ತುಸು ಹೊತ್ತಿಗೆ ದಂಡು ಬಂದಿತು, ನದಿಯ ಅಣೆಕಟ್ಟೆಯನ್ನು ಗುರಿಯಾಗಿಸಿಕೊಂಡು. ಸಾಹೇಬರು ಮುಷ್ಟಿ ಬಿಚ್ಚದೆಯೇ "ಈಗ" ಎಂದರು. ಅಂದು ನಮ್ಮವರ ಏಟಿಗೆ ಕೆಲವು ಉರುಳಿದವು. ಮಿಕ್ಕವು ಬಾಂಬುಗಳನ್ನು ಬಯಲಿಗೆ ಸುರಿದು ಹಿಂದಿರುಗಿದವು. ಅಷ್ಟು ದೊಡ್ಡ ದಂಡು ಮತ್ತೆಂದೂ ಬರಲಿಲ್ಲ.

ಸಂಜೆ ಪಟ್ಟಣಕ್ಕೆ ಹೋದೆವು. ಮುಂಗೋಡೆ ಕಳೆದುಕೊಂಡ ಮನೆಯೆದುರು, ಬೀದಿಯಲ್ಲೇ ಕುರ್ಚಿ ಹಾಕಿಕೊಂಡು ಅಕ್ಕ ಕುಳಿತಿದ್ದಳು. ಪಕ್ಕದ ಮನೆ ನೆಲಸಮವಾಗಿತ್ತು. ಆಕೆಯ ಜೀವದ ಗೆಳತಿ ಅದರಡಿಯಲ್ಲೇ ತೀರಿಹೋಗಿದ್ದಳು.

"ಎಲ್ಲಿದ್ವೋ ನಿನ್ನ ವಿಮಾನ?"

"ನೆಲದ ಮೇಲಿದ್ವು, ಅಕ್ಕ."

"ಹಾರೋಕೆ ಆಗ್ತಿತ್ತಾ?"

"ಆಗ್ತಿತ್ತು."

ಅಣೆಕಟ್ಟೆಯ ಮಾತೆತ್ತಲು ನಾನು ಬಾಯಿ ತೆರೆದೆ. ಸಾಹೇಬರು ನನ್ನ ತೋಳನ್ನು ಒತ್ತಿ ಹಿಡಿದರು. ಅಕ್ಕ ಎದ್ದು ಒಳಗೆ ಹೋದಳು.

ಯುದ್ಧ ಮುಗಿಯುವವರೆಗೂ ಆ ಕೋಟಿಗೆ ಗುಂಡಿಯ ಬದಲು ಪಿನ್ನು ಇತ್ತು. ಪದಕಗಳು ಪೈಲಟ್‌ಗಳಿಗೆ ಬಂದವು, ಬರಬೇಕಾದದ್ದೇ. ಆದರೆ ಕೈಯಲ್ಲಿ ತೀರ ಸ್ವಲ್ಪವೇ ಇರುವ ನಾಡನ್ನು ಕೊನೆಗೂ ಉಳಿಸುವವರು ಇಂಥವರೇ ಇರಬೇಕು: ಯಾವುದನ್ನು ಕಾಪಾಡುವುದಿಲ್ಲವೆಂದು ತಾವೇ ತೀರ್ಮಾನಿಸಿ, ಕಳೆದುಕೊಂಡವರ ಎದುರಿಗೆ ನಿಂತು, ನೆಪ ಹೇಳದೆ, "ಆಗ್ತಿತ್ತು" ಎನ್ನಬಲ್ಲವರು. ಇಂಥವರನ್ನು ಗೌರವಿಸಬಹುದು, ಕ್ಷಮಿಸುವುದು ಕಷ್ಟ. ಆ ಅಣೆಕಟ್ಟೆಯ ಕೆಳಗಿನ ಊರಲ್ಲೇ ನನ್ನ ಹೆಂಡತಿ ಮಕ್ಕಳಿದ್ದರು. ಆದರೂ ಸಾಹೇಬರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.