ಬ್ಯಾಟರಿಯ ಕುಂಕುಮ

ಜಂಬೂ ಸವಾರಿ ದಿನ ಆಟೋ ಸಿಗುತ್ತೆ ಅಂತ ನಂಬುವವರು ಮೈಸೂರಿನವರೇ ಅಲ್ಲ. ಅದಕ್ಕೇ ನಾನು ನಮ್ಮ ಕಾರನ್ನೇ ನೆಚ್ಚಿಕೊಂಡಿದ್ದೆ. ಡಯಾಲಿಸಿಸ್ ಒಂದು ಸಲ ತಪ್ಪಿ, ನಮ್ಮ ಯಜಮಾನರು ಬಸವರಾಜು ಅವರಿಗೆ ಮೈಯೆಲ್ಲ ನೀರು ತುಂಬಿಕೊಂಡಿತ್ತು, ಉಸಿರಾಡೋದೇ ಕಷ್ಟವಾಗಿತ್ತು. ಮೆರವಣಿಗೆಗೆ ರಸ್ತೆ ಮುಚ್ಚೋದರೊಳಗೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂದಿದ್ದರು ಡಾಕ್ಟರು. ಹೇಗೋ ನಡೆಸಿಕೊಂಡು ಬಂದು ಮುಂದಿನ ಸೀಟಲ್ಲಿ ಒರಗಿಸಿ ಕೀ ತಿರುಗಿಸಿದರೆ, ಟಿಕ್ ಅಂತು ಅಷ್ಟೆ, ದರಿದ್ರದ ಗಾಡಿ.

ನೋಡಿದರೆ ಹೆಡ್‌ಲೈಟ್ ಸ್ವಿಚ್ಚು ಹಿಂದಿನ ದಿನದಿಂದ ಹಾಗೇ ಆನ್ ಇದೆ. ಆಯುಧಪೂಜೆ ಮಂಗಳಾರತಿ ಹೊತ್ತಲ್ಲಿ ಲೈಟ್ ಹಾಕಿ ಹಾರನ್ ಹೊಡೆಯೋದು ನಮ್ಮನೆ ಪದ್ಧತಿ. ಇವರೇ ಹಟ ಮಾಡಿ ಕೂತು ಹಾಕಿದ್ದರು. ಅಷ್ಟರಲ್ಲಿ ದಮ್ಮು ಹತ್ತಿತು. ಒಳಗೆ ಕರೆದೊಯ್ಯುವ ಗಾಬರೀಲಿ ಲೈಟ್ ಯಾರಿಗೆ ನೆನಪು? ಇವರನ್ನ ಬೈಯಲೂ ಆಗದೆ ಸ್ಟೇರಿಂಗಿಗೆ ಗುದ್ದಿದೆ.

ಆಂಬುಲೆನ್ಸ್ ತಡವಾಗುತ್ತೆ ಅಂದರು. ನಮ್ಮ ಬೀದಿಯಲ್ಲೇ ಶಾಮಿಯಾನ ಬಾಡಿಗೆಗೆ ಕೊಡೋ ಫ್ರಾನ್ಸಿಸ್‌ನ ಕೂಗಿದೆ. ಪಾಪ, ತಿನ್ನುತ್ತಿದ್ದ ತಿಂಡಿ ಬಿಟ್ಟು ಟೆಂಪೊ ತಂದ. ಅದರಲ್ಲೇ ಹೋಗೋಣ ಅಂತ ನೋಡಿದೆವು. ಆ ಎತ್ತರಕ್ಕೆ ಕಾಲೆತ್ತುವಷ್ಟರಲ್ಲಿ ಇವರಿಗೆ ಕಣ್ಣು ಮೇಲೆ ಸಿಕ್ಕಿಕೊಂಡಿತು. ಮತ್ತೆ ಕಾರಲ್ಲೇ ಕೂರಿಸಿದೆವು. ಟೆಂಪೊ ಬ್ಯಾಟರಿಯಿಂದ ಕೇಬಲ್ ಎಳೆದು ಇದನ್ನು ಸ್ಟಾರ್ಟ್ ಮಾಡೋಣ ಅಂದ ಅವನು.

ಬಾನೆಟ್ ಎತ್ತಿದವನು ಕೇಬಲ್ ಹಿಡಿದು ಬ್ಯಾಟರಿ ಮೇಲೆ ಬಗ್ಗಿ ನೋಡಿದ. ಬ್ಯಾಟರಿ ತುಂಬ ನಾನೇ ಗಂಧ, ಕುಂಕುಮ ಮೆತ್ತಿದ್ದೆ. ಇವರು ಉಳಿಯಲಿ ಅಂತ ಬೇಡಿಕೊಂಡು ಕೈತುಂಬ ಹಚ್ಚಿದ್ದು. ಪ್ಲಸ್ ಮೇಲಿರಬೇಕಾದ ಕೆಂಪು ಮುಚ್ಚಳ ಯಾವತ್ತೋ ಕಳೆದುಹೋಗಿತ್ತು.

"ಎರಡು ತುದಿಯೂ ಕೆಂಪಗಿದೆಯಲ್ಲಕ್ಕ. ಪ್ಲಸ್ ಯಾವುದು ಅಂತ ತಿಳೀದೆ ಹಾಕಿದರೆ ಬ್ಯಾಟರಿ ಸಿಡಿಯುತ್ತೆ. ಪೂಜೆ ಕುಂಕುಮ ನಾನು ಮುಟ್ಟಲ್ಲ, ನೀವೇ ಒರೆಸಿಬಿಡಿ."

ನನಗೆ ಕೈ ಬರಲಿಲ್ಲ. ಗಂಡ ಉಸಿರಿಗೆ ಒದ್ದಾಡುತ್ತಿರುವಾಗ ಮುತ್ತೈದೆ ಕೈಯಾರೆ ಕುಂಕುಮ ಒರೆಸೋದಾ? ಮಾವ ಹೋದ ದಿನ ನಮ್ಮತ್ತೆ ಹಣೆಯನ್ನ ಯಾರೋ ಬಂದು ಒರೆಸಿದ್ದು ಕಣ್ಣಿಗೆ ಕಟ್ಟಿತು. ಹೆದರಿಕೆ ಆಯಿತು ಕಣ್ರೀ, ಸುಳ್ಳು ಯಾಕೆ ಹೇಳಲಿ. ಇವರು ಒಳಗಿಂದ ಕಿಟಕಿ ತಟ್ಟಿ ಕರೆದರು.

"ಒರೆಸೇ ಮಂಗಳಾ," ಅಂದರು, ಮಧ್ಯೆ ಮಧ್ಯೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಾ. "ನಾನಿನ್ನೂ ಇದ್ದೀನಿ."

ಸೆರಗಲ್ಲೇ ತಿಕ್ಕಿದೆ. ಅಳುತ್ತಲೇ ತಿಕ್ಕಿದೆ. ಪ್ಲಸ್ ಗುರುತು ಕಂಡಿತು. ಫ್ರಾನ್ಸಿಸ್ ಕೆಂಪು ಕೇಬಲನ್ನ ಎರಡೂ ಗಾಡಿಯ ಪ್ಲಸ್‌ಗೆ ಸಿಕ್ಕಿಸಿದ. ಕಪ್ಪು ಕೇಬಲಿನ ಒಂದು ತುದಿ ಟೆಂಪೊ ಮೈನಸ್‌ಗೆ ಹಾಕಿ, ಇನ್ನೊಂದನ್ನು, ಬ್ಯಾಟರಿ ಹತ್ತಿರ ಕಿಡಿ ಹಾರಬಾರದು ಅಂತ, ನಮ್ಮ ಬ್ಯಾಟರಿಗೆ ಹಾಕದೆ ದೂರಕ್ಕೆ ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದ. ಟೆಂಪೊ ಸ್ಟಾರ್ಟ್ ಮಾಡಿ, ಸ್ವಲ್ಪ ಕಾಯಿರಿ ಅಂದ. ಕಾಯಬೇಕಂತೆ! ಇವರ ಒಂದೊಂದು ಉಸಿರನ್ನೂ ಕೇಳಿಸಿಕೊಳ್ಳುತ್ತಾ ಕೂತೆ. ಕೊನೆಗೆ ಕೀ ತಿರುಗಿಸಿದಾಗ ಕಾರು ಗುರ್ ಅಂತು. ಕೇಬಲ್ ಬಿಚ್ಚಿ, ದಾರೀಲಿ ಎಲ್ಲೂ ಇಂಜಿನ್ ಆಫ್ ಮಾಡಬೇಡಿ ಅಂತ ಹೇಳಿ ಕಳಿಸಿದ.

ಸಿಗ್ನಲ್ಲಲ್ಲಿ ನಿಂತಾಗ ಕನ್ನಡಿ ನೋಡಿಕೊಂಡೆ. ಬೆವರು, ಕಣ್ಣೀರು ಒರೆಸಿಕೊಂಡ ಭರದಲ್ಲಿ ನನ್ನ ಹಣೆ ಬೋಳಾಗಿತ್ತು. ಇವರೂ ನೋಡಿದರು. ಎದುರಿಗೆ ಡ್ಯಾಶ್‌ಬೋರ್ಡಿಗೆ ಹಚ್ಚಿದ್ದ ಕುಂಕುಮಕ್ಕೆ ಬೆರಳು ಒತ್ತಿ ಕೈ ಎತ್ತಿದರು. ಅದು ನನ್ನ ಭುಜ ದಾಟಿ ಮೇಲೇರಲಿಲ್ಲ. ನಾನೇ ಬಗ್ಗಿ ಹಣೆ ಒಡ್ಡಿದೆ.

"ಸಾಕು, ಕೈ ಇಳಿಸಿ," ಅಂತ ಗದರಿದೆ. "ಉಸಿರು ಉಳಿಸ್ಕೊಳ್ಳಿ."

ಹಿಂದಿನವರು ಹಾರನ್ ಹೊಡೆದರು. ಇಂಜಿನ್ ಆಫ್ ಆಗದ ಹಾಗೆ ನಿಧಾನಕ್ಕೆ ಕ್ಲಚ್ ಬಿಟ್ಟೆ.