ಮಲೇರಿಯಾ ದೇಶದ ಪ್ರಜೆ

ಹಮೀದ್ ಬಿನ್ ಯೂಸುಫ್‌ನಿಗೆ ಮಲೇರಿಯಾ ಬಂದದ್ದು ಸೊಳ್ಳೆಯಿಂದಲ್ಲ, ಟೈಪ್‌ರೈಟರಿನಿಂದ.

ಎಪ್ಪತ್ತೆಂಟನೆಯ ಇಸವಿಯ ಒಂದು ಬುಧವಾರ ಅವನು ಬೆಳಗಾವಿಯ ಸರಕಾರಿ ಆಫೀಸೊಂದರ ಕಿಟಕಿಯ ಮುಂದೆ ನಿಂತು ತನ್ನ ಹೊಸ ಪರವಾನಗಿ ಪುಸ್ತಕವನ್ನು ಬಿಡಿಸಿ ನೋಡಿದ. ಮಲೇಷಿಯಾದಿಂದ ಡಾಕ್ಟರಿಕೆ ಓದಲು ಬಂದವರು ವರ್ಷಕ್ಕೊಮ್ಮೆ ಅಲ್ಲಿ ವಾಸದ ಪರವಾನಗಿ ಹೊಸದು ಮಾಡಿಸಬೇಕಿತ್ತು. ಹೆಸರು ಸರಿಯಿತ್ತು. ಫೋಟೋದಲ್ಲಿ ಕಿವಿ ಕೂಡ ಎರಡಿದ್ದವು. ದೇಶ ಎಂಬಲ್ಲಿ ಮಾತ್ರ 'ಮಲೇರಿಯಾ' ಎಂದಿತ್ತು. ಹಳೆಯ ಪರವಾನಗಿ ಶನಿವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಹೊಸದರ ಮೇಲೆ ಶಿಕ್ಕಾ ಬೀಳದಿದ್ದರೆ ಮುಂದಿನ ತಿಂಗಳ ಪರೀಕ್ಷೆ, ಮೂರು ವರ್ಷದ ಓದು, ಎಲ್ಲವೂ ಅವನೊಂದಿಗೆ ವಾಪಸು ಹಡಗು ಹತ್ತಬೇಕು.

"ಸಾಹೇಬ್ರ, ನಂದು ಮಲೇಷಿಯಾ ಲಾ," ಎಂದ ಹಮೀದ.

ಅವನ ದೇಶದಲ್ಲಿ ಮಾತಿನ ಬಾಲಕ್ಕೆ 'ಲಾ' ಹಚ್ಚದಿದ್ದರೆ ಮಾತು ಅಂಗಿ ತೊಡದೆ ಬೀದಿಗೆ ಬಂದಂತೆ. ಬೆಳಗಾವಿಯವರೂ 'ಹೌದಲಾ', 'ಬಂದೀಯಲಾ' ಎನ್ನುವುದನ್ನು ಕೇಳಿ ಅವನು ಇಳಿದ ಮೊದಲ ದಿನವೇ ನೆಂಟರ ಮನೆಗೆ ಬಂದವನಂತೆ ಹಿಗ್ಗಿದ್ದ.

ಗುಮಾಸ್ತ ಗುರುಪಾದಪ್ಪ ಕನ್ನಡಕವನ್ನು ವಿಭೂತಿಯವರೆಗೆ ಏರಿಸಿದರು. "ಮಲೇಷಿಯಾ, ಮಲೇರಿಯಾ. ಒಂದ ಅಕ್ಷರದ ಫರಕು ತಮ್ಮಾ. ಅದಕ್ಯಾಕ ಚಳಿಜ್ವರ ಬಂದವ್ರಂಗ ನಡಗ್ತಿ?"

"ತಿದ್ದರಿ ಲಾ."

"ಟೈಪ್ ಹೊಡದದ್ದು ಹೊಡದಂಗ. ತಿದ್ದಬೇಕಂದ್ರ ಆಧಾರ ಬೇಕು."

"ಪಾಸ್‌ಪೋರ್ಟ್ ಐತಲಾ?"

"ಅದು ನಿಮ್ಮ ದೇಶದ್ದು. ನಿಮ್ಮ ದೇಶ ನಿಮ್ಮ ಪರವಾಗೇ ಹೇಳ್ತದ. ಮನಿ ಮಂದೀ ಸಾಕ್ಷಿ ಇಲ್ಲಿ ನಡ್ಯೂದಿಲ್ಲ. ನಿನಗೂ ಮಲೇರಿಯಾಕ್ಕೂ ಸಂಬಂಧ ಇಲ್ಲಂತ ಮಲೇರಿಯಾ ಖಾತೇದವ್ರ ಕಡಿಂದ ಬರಸಕೊಂಡ ಬಾ. ಕಲ್ಲಯ್ಯ ಅಂತ ಅದಾನ, ಈ ವಾರ ಬೀಡಿ ಊರಾಗ ರಕ್ತಾ ತಗೀಲಿಕ್ಕ ಹೋಗ್ಯಾನ." ಗುರುಪಾದಪ್ಪ ಪಾಸ್‌ಪೋರ್ಟಿನ ಮೇಲೆ ಕಣ್ಣಾಡಿಸಿದರು. "ಅಲ್ಲಾ, ನಿಮ್ಮೂರು ಕ್ವಾಲಾಲಂಪುರ ಅಂತ ಐತಲಾ? ಖಾನಾಪುರದ ಬಾಜುಕ ಇರಬೇಕು. ಹಂಗಾರ ಬೀಡಿ ನಿನಗ ಹಾದ್ಯಾಗ ಬರ್ತದ."

ಹಮೀದನ ಅಪ್ಪ ಯೂಸುಫ್ ಕೂಡ ಗುಮಾಸ್ತರೇ. ಮೂವತ್ತು ವರ್ಷ ರೈಲ್ವೆ ಆಫೀಸಿನಲ್ಲಿ ಒಂದೇ ಕುರ್ಚಿ ಸವೆಸಿದವರು. ಒಮ್ಮೆ ಯಾರದೋ ಹೆಸರಿನಲ್ಲಿ ಅಕ್ಷರ ತಪ್ಪಿದ್ದಕ್ಕೆ ಎರಡು ದಿನ ಅನ್ನ ಬಿಟ್ಟಿದ್ದರು. ಅಲ್ಲಿ ಕಾಗದ ತಪ್ಪಿದರೆ ಮನುಷ್ಯ ನಾಚುತ್ತಾನೆ, ಇಲ್ಲಿ ಕಾಗದಕ್ಕೆ ತಕ್ಕಂತೆ ಮನುಷ್ಯನನ್ನೇ ಕತ್ತರಿಸಿ ಹೊಲಿಯುತ್ತಾರೆ ಎಂದುಕೊಳ್ಳುತ್ತ ಹಮೀದ ವಡಗಾವಿಯ ತನ್ನ ಕೋಣೆಗೆ ನಡೆದ.

ಆ ಕೋಣೆ ಸಿಕ್ಕದ್ದೂ ಇಂಥದೇ ಒಂದು ಮಾತಿನ ತಪ್ಪಿನಿಂದ. ಮೂರು ವರ್ಷದ ಹಿಂದೆ ನೇಕಾರ ಸರದಾರಸಾಬ ಬಾಗಿಲಲ್ಲಿ ನಿಂತು, ಮನೆ ಬೇಕೇ ಎನ್ನಲು ಉರ್ದುವಿನಲ್ಲಿ "ಮಕಾನ್?" ಎಂದಿದ್ದ. ಮಲಯ ಭಾಷೆಯಲ್ಲಿ ಮಕಾನ್ ಎಂದರೆ ಉಣ್ಣುವುದು. ಹಸಿದಿದ್ದ ಹಮೀದ ಹೊಟ್ಟೆ ತಟ್ಟಿ ತೋರಿಸಿದ. ಸರದಾರಸಾಬನ ಹೆಂಡತಿ ಅಖ್ತರಿ ಮರುಗಿ ಮೊದಲು ಎಲೆ ಹಾಕಿದಳು, ಆಮೇಲೆ ಕೋಣೆ ತೋರಿಸಿದಳು. ಮರುದಿನ ಅವನು ಹಾಲಿಗೆ ತನ್ನೂರಿನ ಮಾತಿನಲ್ಲಿ "ಸೂಸೂ" ಎಂದು ಕೇಳಿ ಹಿತ್ತಿಲಿಗೆ ಅಟ್ಟಿಸಿಕೊಂಡದ್ದು ಬೇರೆ. "ಬಿನ್ ಯೂಸುಫ್ ಅಂದ್ರ ಯೂಸುಫ್ ಬಿಟ್ಟು ಉಳದಾಂವ ಅಂತೇನು?" ಎಂದು ಸರದಾರಸಾಬ, ಬಿನ್ ಎಂದರೆ ಮಗ ಎಂದು ತಿಳಿದೂ, ಮಗ್ಗದ ಖಟಪಟದ ನಡುವೆ ಇಂದಿಗೂ ಚೇಷ್ಟೆ ಮಾಡುತ್ತಿದ್ದ. ಮೊದಲ ಮಳೆಗಾಲದಲ್ಲಿ ಜ್ವರ ಬಂದಾಗ ಅಖ್ತರಿ ಓಣಿಯವರಿಗೆಲ್ಲ "ಪಾಪ, ಪರದೇಶಿ ಹುಡುಗ" ಎಂದಿದ್ದಳು. ಹೊರದೇಶದವನು ಎಂಬ ಅರ್ಥವಿರಬೇಕೆಂದು ಹಮೀದ ಹೌದೆಂದು ತಲೆಯಾಡಿಸಿದ್ದ. ಪರದೇಶಿ ಎಂದರೆ ದಿಕ್ಕಿಲ್ಲದವನು ಎಂದೂ ಆಗುತ್ತದೆಂದು ಅವನಿಗೆ ತಿಳಿದದ್ದು ಓಣಿಯವರು ಹಳೆಯ ಅಂಗಿಗಳನ್ನು ತಂದು ಕೊಟ್ಟಾಗ.

ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದ.

"ಎಲ್ಲಿಗ್ರೀ?" ಎಂದ ಕಂಡಕ್ಟರ್.

"ಒಂದು ಬೀಡಿ ಕೊಡ್ರಿ ಲಾ."

"ಬಸ್ಸಿನಾಗ ಸೇದಂಗಿಲ್ರೀ."

"ಊರು ಬೀಡಿ ಲಾ, ಊರು!"

"ಹಂಗನ್ರಿ ಮತ್ತ. ಇಳಿಯೂಮುಂದ ಕಡ್ಡಿಪೆಟ್ಟಿಗಿ ಕೇಳಬ್ಯಾಡ್ರಿ."

ಬೀಡಿಯಲ್ಲಿ ಇಳಿದಾಗ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಶಿವಲಿಂಗವ್ವ ಎಂಬ ಮುದುಕಿ ಅವನ ಬಿಳಿ ಅಂಗಿಯನ್ನು ಅಳೆದು ನೋಡಿದಳು. "ಯಾವೂರಾಂವಪಾ?"

"ಮಲೇಷಿಯಾ."

ಮುದುಕಿ ಮೊರ ಬಿಟ್ಟು ಎದ್ದಳು. "ಬರ್ರೆಬೇ! ಮಲೇರಿಯಾದ ದೊಡ್ಡ ಸಾಹೇಬ ಬಂದಾನ!"

ಐದು ನಿಮಿಷದಲ್ಲಿ ಅವನ ಮುಂದೆ ಬೆರಳುಗಳ ಸಾಲು. ಶಿವಲಿಂಗವ್ವನದು ಮೊದಲು, ಬೈಗುಳವೂ ಅವಳದೇ ಮೊದಲು. "ಹ್ವಾದ ಸಲ ನಿಮ್ಮಾವ್ರು ಡಿಡಿಟಿ ಹೊಡದು ನನ್ನ ಗ್ವಾಡಿಗೆಲ್ಲಾ ಬೂದಿ ಬಳದು ಹ್ವಾದ್ರು. ಸೊಳ್ಳಿ ಎಲ್ಲೂ ಹೋಗಿಲ್ಲ. ಬೆಳ್ಳಗಿನ ಗ್ವಾಡಿ ಮ್ಯಾಲ ಈಗ ಚಂದ ಎದ್ದ ಕಾಣಸ್ತಾವ, ಅಷ್ಟ."

"ನಾನು ಅವ್ರಲ್ಲ ಆಯಿ. ನಾನು ಮಲೇಷಿಯಾದಾಂವ ಲಾ."

"ನಾನೂ ಅದನ ಅನ್ನಾಕತ್ತೇನಿ. ಚುಚ್ಚು ಲಗೂನ, ಒಲಿ ಮ್ಯಾಲ ಅನ್ನ ಐತಿ."

ಅಷ್ಟರಲ್ಲಿ ಸೈಕಲ್ಲಿನ ಮೇಲೆ ನಿಜವಾದ ಮಲೇರಿಯಾದ ಕಲ್ಲಯ್ಯ ಬಂದ. ವಾರವಿಡೀ ಮನೆಮನೆ ಅಲೆದರೂ ಹತ್ತು ಬೆರಳು ಸಿಕ್ಕಿರದ ಅವನಿಗೆ ಈ ಸಾಲು ಕಂಡು ಕಣ್ಣು ತುಂಬಿದವು. "ನೀ ಯಾರರ ಆಗು, ಎದ್ದ ಹೋಗಬ್ಯಾಡ," ಎಂದವನೇ ಸೂಜಿಯ ಡಬ್ಬಿಯನ್ನು ಹಮೀದನ ಕೈಗಿಟ್ಟ. ಇಳಿಹೊತ್ತಿನ ತನಕ ಹಮೀದ ಚುಚ್ಚಿದ, ಕಲ್ಲಯ್ಯ ಗಾಜಿನ ಪಟ್ಟಿಗಳ ಮೇಲೆ ರಕ್ತ ಸವರಿದ. ತನ್ನೂರಿನಲ್ಲಿ ಹೆಸರು ಹುದ್ದೆ ವಿಚಾರಿಸದೆ ಯಾರೂ ಕೈ ಕುಲುಕುವುದಿಲ್ಲ ಎಂಬುದು ಹಮೀದನಿಗೆ ನೆನಪಾಯಿತು. ಇಲ್ಲಿಯವರು ಮೊದಲು ರಕ್ತ ಕೊಟ್ಟು, ಮಜ್ಜಿಗೆ ಕುಡಿಸಿ, ಲಗ್ನ ಆಗಿದೆಯೇ ಎಂದು ಕೇಳಿ, ಕಟ್ಟಕಡೆಗೆ ಹೆಸರು ಕೇಳಿದರು.

ಕೊನೆಯ ಬೆರಳು ಅವನದೇ. ಶುಕ್ರವಾರ ಖಾನಾಪುರದ ದವಾಖಾನೆಯಲ್ಲಿ ಆ ಗಾಜನ್ನು ತೋರಿಸಿ, ಕಲ್ಲಯ್ಯ ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟ: 'ಹಮೀದ್ ಬಿನ್ ಯೂಸುಫ್. ಮಲೇರಿಯಾ ಇಲ್ಲ.'

ಶನಿವಾರ ಆಫೀಸು ಒಂದು ಗಂಟೆಗೆ ಮುಚ್ಚುತ್ತಿತ್ತು. ಚಹಾಕ್ಕೆ ಹೋದ ಗುರುಪಾದಪ್ಪ ಮರಳಿದಾಗ ಹನ್ನೆರಡೂ ಮುಕ್ಕಾಲು. ಕಾಗದವನ್ನು ಎರಡು ಸಲ ಓದಿ ಭೇಷ್ ಎಂದರು. ಪರವಾನಗಿ ಪುಸ್ತಕದಲ್ಲಿ ಅಳತೆಪಟ್ಟಿಯಿಟ್ಟು 'ಮಲೇರಿಯಾ'ಕ್ಕೆ ಕೆಂಪು ಗೆರೆ ಎಳೆದರು. ಅದರ ಮೇಲೆ ದುಂಡಗೆ 'ಇಲ್ಲ' ಎಂದು ಬರೆದರು.

"ಮಲೇಷಿಯಾ ಅಂತ ಬರೀರಿ ಲಾ!"

"ಮಲೇಷಿಯಾ ಈ ಕಾಗದದಾಗ ಎಲ್ಲೈತಿ? 'ಮಲೇರಿಯಾ ಇಲ್ಲ' ಅಂತ ಐತಿ. ಮಲೇರಿಯಾ ಹೊಡದ ಹಾಕಿದೆ, 'ಇಲ್ಲ' ಉಳೀತು. ದೇಶ: ಇಲ್ಲ." ಶಿಕ್ಕಾ ಎತ್ತಿದ ಕೈ ಅಲ್ಲೇ ನಿಂತಿತು. "ಆದ್ರ ಒಂದ ತೊಡಕು ಬಂತಲಾ. ಈ ಶಿಕ್ಕಾ ಪರದೇಶಿಗಳಿಗೆ. ದೇಶಾನ ಇಲ್ಲದಾಂವ ಪರದೇಶಿ ಹೆಂಗ ಆದಾನು?"

ಗೋಡೆಯ ಗಡಿಯಾರ ಎಂಟು ನಿಮಿಷ ಉಳಿಸಿತ್ತು. ಹಮೀದನಿಗೆ ಓಣಿಯವರು ಕೊಟ್ಟ ಹಳೆಯ ಅಂಗಿಗಳು ಕಣ್ಣೆದುರು ಬಂದವು.

"ಸಾಹೇಬ್ರ, ದಿಕ್ಕುದೆಸೆ ಇಲ್ಲದಾಂವಗ ನೀವು ಏನಂತೀರಿ?"

"ಪರದೇಶಿ ಅಂತೀವಿ." ಗುರುಪಾದಪ್ಪ ತಮ್ಮ ಮಾತಿಗೆ ತಾವೇ ಬೆಚ್ಚಿದರು. "ಖರೇ! ಆದ್ರ ನಿನಗ ಅಪ್ಪ ಅದಾನಲಾ?"

ಸಮುದ್ರದಾಚೆ ಅಪ್ಪ ಈ ಹೊತ್ತಿಗೆ ಊಟ ಮುಗಿಸಿ ಪೇಪರು ಓದುತ್ತಿರಬೇಕು. ಹಮೀದ ಪುಸ್ತಕದಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟ.

"ಹಮೀದ್... ಬಿನ್... ಯೂಸುಫ್." ಹಿಂದಿ ಪರೀಕ್ಷೆ ಪಾಸು ಮಾಡಿದ್ದ ಗುರುಪಾದಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬಿನ್ ಅಂದ್ರ ಇಲ್ಲದ. ಯೂಸುಫ್ ಇಲ್ಲದಾಂವ! ದೇಶಾ ಇಲ್ಲ, ಅಪ್ಪಾನೂ ಇಲ್ಲ. ಮದಲ ಹೇಳಬಾರದೇನೋ ತಮ್ಮಾ? ನೀ ಪಕ್ಕಾ ಪರದೇಶಿ!"

ಶಿಕ್ಕಾ ಧಡ್ ಎಂದು ಬಿತ್ತು.

ವಡಗಾವಿಯಲ್ಲಿ ಸಂಗತಿ ಕೇಳಿದ ಅಖ್ತರಿ ಸೌಟು ಹಿಡಿದೇ ಹೊರಗೆ ಬಂದಳು. "ನನ್ನ ಕೈಯಾಗ ಉಂಡಾಂವಗ ಪರದೇಶಿ ಅಂತಾರ? ಸೋಮವಾರ ನಾನ ಹೋಗಿ ಹೇಳತೀನಿ, ಈ ಹುಡುಗಗ ಮನಿ ಐತಿ, ಮಂದಿ ಅದಾರಂತ!"

"ಬ್ಯಾಡ ಖಾಲಾ, ನಿಮ್ಮ ಕಾಲ ಬೀಳ್ತೀನಿ ಲಾ! ಒಂದು ವರ್ಷ ಪರದೇಶಿ ಇರ್ತೀನಿ."

ಅಖ್ತರಿ ಸೌಟು ಇಳಿಸಿದಳು. "ಆಫೀಸಿನಾಗ ಬೇಕಾದ್ದ ಆಗು. ಇಲ್ಲಿ ಸುಮ್ಮನ ಕುಂತು ಮಕಾನ್ ಮಾಡು." ಮಲಯ ಭಾಷೆಯಲ್ಲಿ ಅವಳು ಕಲಿತದ್ದು ಆ ಒಂದೇ ಮಾತು. ತಟ್ಟೆ ತುಂಬಿತು.

ಉಂಡು ಕೈ ತೊಳೆದು ಹಮೀದ ಅಪ್ಪನಿಗೆ ಕಾಗದ ಬರೆದ: 'ಪರವಾನಗಿ ಸಿಕ್ಕಿತು. ಇಲ್ಲಿ ಎಲ್ಲರೂ ಒಳ್ಳೆಯವರು. ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಆದರೆ ದಯವಿಟ್ಟು ಇನ್ನೊಂದು ವರ್ಷ ನಿಮ್ಮ ಆರೋಗ್ಯದ ಸಂಗತಿಯನ್ನು ಬೆಳಗಾವಿಯಲ್ಲಿ ಯಾರಿಗೂ ಬರೆದು ತಿಳಿಸಬೇಡಿ.'